ಹೆಸರು ಕೇಳದೆ ಉಳಿದ ಅಕ್ಕನಿಗೆ

ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಪ್ರವೇಶದ ದಿನ ನನ್ನ ತಂಗಿಯ ಪಕ್ಕ ಕುಳಿತು ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್) ಅರ್ಜಿ ತುಂಬಿಸಿದ ಅಕ್ಕಾ, ನಿಮಗೆ ಅನಂತ ಧನ್ಯವಾದಗಳು. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಒಂದೊಂದೇ ಅಂಕಿಗೆ ಬೆರಳಿಟ್ಟು ಓದಿಸಿದಿರಿ. 'ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ರೆ ಸಾಲದಮ್ಮ, ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು, ಅಂದ್ರೆ ಸರ್ಕಾರದ ದುಡ್ಡು ಬರೋಕೆ ಆಧಾರ್ ಆ ಖಾತೆಗೆ ಜೋಡಣೆ ಆಗಿರಬೇಕು, ಇಲ್ಲಾಂದ್ರೆ ವಿದ್ಯಾರ್ಥಿವೇತನ ಜಮಾ ಆಗಲ್ಲ' ಅಂದಿರಿ. ಈ ಮಾತನ್ನು ಅಲ್ಲಿಯತನಕ ಯಾವ ಕೌಂಟರಿನಲ್ಲೂ ಯಾರೂ ಹೇಳಿರಲಿಲ್ಲ. ಸಂವಿಧಾನದ 371ಜೆ ವಿಧಿ ನಮ್ಮ ಕಲ್ಯಾಣ ಕರ್ನಾಟಕ ಭಾಗದ ಮಕ್ಕಳಿಗೆ ಸೀಟು ಮೀಸಲಿಟ್ಟಿದೆ, ನಿಜ. ಆದರೆ ಮನೆಯಲ್ಲಿ ಮೊದಲ ಸಲ ಓದುವವರಿಗೆ ಕಾಗದಪತ್ರವೇ ದೊಡ್ಡ ಗೋಡೆ. ಪ್ರತಿ ಕಾಲೇಜಿನಲ್ಲೂ ಪ್ರವೇಶದ ಹೊತ್ತಿಗೆ ನಿಮ್ಮಂಥವರೊಬ್ಬರು ಕೂರಬೇಕು. ವಿದ್ಯಾರ್ಥಿವೇತನ ಬಂದಿದೆ, ಹಾಸ್ಟೆಲ್ಲೂ ಸಿಕ್ಕಿದೆ. ಹತ್ತಿ ಬಿಡಿಸೋ ಕೂಲಿಗೆ ಹೋಗುವ ನಮ್ಮವ್ವ ನಿಮಗೆ ಶರಣು ಹೇಳ್ಯಾಳ.