ಮೊದಲ ಸಾಲನ್ನೇ ಹೆಸರು ಮಾಡು, ಗೆಳೆಯಾ

ಕೊಪ್ಪಳ

ಗೆಳೆಯಾ,

ನೀನು ಕಳಿಸಿದ ತತ್ವಪದವನ್ನು ನಿನ್ನೆ ರಾತ್ರಿ ಮೂರು ಸಲ ಕೇಳಿದೆ. ಏಕತಾರಿ ಒಂದೇ ನುಡಿಯುತ್ತಿರುವಾಗ ದಮ್ಮಡಿ ಬಂದು ಸೇರಿಕೊಳ್ಳುತ್ತದಲ್ಲ, ಆಗ ಅವ್ವ ಅಡುಗೆಮನೆಯಿಂದ ಹೊರಗೆ ಬಂದಳು. "ಯಾರಪ್ಪಾ ಇವ?" ಅಂದಳು. ಸಿಂಧನೂರಿನ ನನ್ನ ದೋಸ್ತ ಅಂದೆ. "ಇನ್ನೊಮ್ಮೆ ಹಚ್ಚು" ಅಂದಳು.

ಆಮೇಲೆ ಯೂಟ್ಯೂಬಿನಲ್ಲಿ ಪದದ ಸಾಲು ಹಾಕಿ ಹುಡುಕಿದೆ. ಸಿಗಲಿಲ್ಲ. ಲಿಂಕ್ ಹಿಡಿದು ಹೋದರೆ ಹಾಡಿನ ಹೆಸರು "ಹೊಸ ಹಾಡು 3 ಫೈನಲ್"! ಕೇಳುವವರೇ ಇಲ್ಲ ಅಂತ ನೀನು ಬೇಜಾರು ಮಾಡಿಕೊಂಡಿದ್ದೀಯ. ನಾನೇ ಹುಡುಕಿದರೂ ಸಿಗದ ಹಾಡು ಗುರುತಿಲ್ಲದವರಿಗೆ ಹೇಗೆ ಸಿಗಬೇಕು ಹೇಳು?

ಪದದ ಮೊದಲ ಸಾಲನ್ನೇ ಹೆಸರು ಮಾಡು. ಭಜನೆಯಲ್ಲಿ ಜನ ಪದವನ್ನು ನೆನಪಿಡುವುದೇ ಮೊದಲ ಸಾಲಿನಿಂದ, ಅಲ್ವಾ? ಕನ್ನಡದಲ್ಲಿ ಬರೆ, ಪಕ್ಕದಲ್ಲೇ ಇಂಗ್ಲಿಷ್ ಅಕ್ಷರದಲ್ಲೂ ಬರೆ. ಎಷ್ಟೋ ಜನ ಕನ್ನಡ ಹಾಡನ್ನೂ ಇಂಗ್ಲಿಷ್ ಅಕ್ಷರದಲ್ಲೇ ಹುಡುಕುತ್ತಾರೆ. ಕೆಳಗೆ ಪೂರ್ತಿ ಪದ ಹಾಕು. ಬರೆದವರು ಯಾರು, ನೀನು ಯಾರ ಬಾಯಿಂದ ಕಲಿತೆ, ಎಲ್ಲ ಇರಲಿ. ದಮ್ಮಡಿ ಬಾರಿಸಿದ ಹುಡುಗನ ಹೆಸರನ್ನಂತೂ ಬಿಡಬೇಡ. ಅವನ ಓಣಿಯವರೆಲ್ಲ ತಮ್ಮ ಹುಡುಗನ ಹಾಡು ಅಂತ ವಾಟ್ಸಾಪಿನಲ್ಲಿ ಹಂಚುತ್ತಾರೆ.

ಊರಿನ ಹೆಸರೂ ಬೇಕು. ಬಳ್ಳಾರಿ ಸೀಮೆಯ ದರೋಜಿ ಈರಮ್ಮನವರನ್ನು ನೆನೆಸಿಕೋ. ಬುರ್ರಕಥೆಯ ಎಷ್ಟೊಂದು ಕಾವ್ಯಗಳು ಅವರಿಗೆ ಬಾಯಿಪಾಠ. 2014ರಲ್ಲಿ ತೀರಿಕೊಂಡರು, ಆದರೆ ಇವತ್ತಿಗೂ ಅವರ ಹೆಸರು ಹೇಳಿದರೆ ಮೊದಲು ಬರುವುದು ಊರು.

ನೀನು ಸ್ಪಾಟಿಫೈ ಬಗ್ಗೆ ಕೇಳಿದ್ದೆಯಲ್ಲ. ಅಲ್ಲಿಗೆ ಡಿಸ್ಟ್ರಿಬ್ಯೂಟರ್, ಅಂದರೆ ನಮ್ಮ ಹಾಡನ್ನು ಅಲ್ಲಿಗೆ ತಲುಪಿಸುವ ಕಂಪನಿ, ಅದರ ಮೂಲಕವೇ ಹೋಗಬೇಕು. ಬಿಡುಗಡೆಗೆ ಕನಿಷ್ಠ 7 ದಿನ ಮೊದಲು ಸ್ಪಾಟಿಫೈನಲ್ಲಿ ಕಲಾವಿದರಿಗಾಗಿ ಇರುವ ಖಾತೆಯಿಂದ ಹಾಡಿನ ವಿವರ ಕಳಿಸಿಬಿಡು. ಆಗ ನಿನ್ನನ್ನು ಫಾಲೋ ಮಾಡುವವರ 'ರಿಲೀಸ್ ರೇಡಾರ್' ಅನ್ನುವ ಹೊಸ ಹಾಡುಗಳ ಪಟ್ಟಿಗೆ ಆ ಹಾಡು ಹೋಗುತ್ತದೆ. ಇನ್ನೊಂದು ಮಾತು. 2024ರಿಂದ ಅಲ್ಲಿ ಹಿಂದಿನ 12 ತಿಂಗಳಲ್ಲಿ 1000 ಸಲವಾದರೂ ಕೇಳದ ಹಾಡಿಗೆ ದುಡ್ಡು ಬರುವುದಿಲ್ಲ. ಅದಕ್ಕೇ ಹೇಳುವುದು, ನಿನ್ನ ಹತ್ತಿರ ಇರುವ ಹತ್ತು ಪದಗಳನ್ನು ಒಂದೇ ದಿನ ಸುರಿಯಬೇಡ. ತಿಂಗಳಿಗೊಂದು ಬಿಡು. ಒಂದೊಂದಕ್ಕೂ ಜನರ ಹತ್ತಿರ ಹೋಗಲು ಟೈಮು ಬೇಕು.

ವ್ಯೂಸ್ ಕೊಡಿಸುತ್ತೇನೆ ಅಂತ ಯಾರಾದರೂ ಫೋನ್ ಮಾಡಿದರೆ ಕಟ್ ಮಾಡು. ಹಿಂದೆ ನನ್ನ ತಮ್ಮನ ಹಾಡಿಗೆ ನಾನು ಒಬ್ಬರಿಗೆ ಎರಡು ಸಾವಿರ ಕೊಟ್ಟಿದ್ದೆ. ಅಂಕಿ ಏರಿತು. ಒಂದು ಕಮೆಂಟೂ ಬರಲಿಲ್ಲ. ವಾರದಲ್ಲಿ ಆ ಅಂಕಿಯೂ ಇಳಿದುಹೋಯಿತು. ತಮ್ಮ ಆಮೇಲೆ ಹಾಡೇ ಹಾಕಲಿಲ್ಲ. ಅದು ಇವತ್ತಿಗೂ ನನ್ನ ಮನಸ್ಸಿಗೆ ಚುಚ್ಚುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಭಾನುವಾರ ಬಂದುಬಿಡು. ನೀನು ಪದ ಹೇಳು, ನಾನು ಟೈಪ್ ಮಾಡುತ್ತೇನೆ. ಹೆಸರು ಬದಲಿಸಿದರೆ ಈಗ ಬಂದಿರುವ ವ್ಯೂಸ್ ಹೋಗುವುದಿಲ್ಲ, ಹೆದರಬೇಡ. ಅವ್ವ ನಿನ್ನ ಪದವನ್ನು ತನ್ನ ಭಜನೆ ಗುಂಪಿಗೆ ಕಳಿಸಬೇಕಂತೆ. ಬೆಳಿಗ್ಗೆಯಿಂದ ಎರಡು ಸಲ ಕೇಳಿದಳು, "ಆ ಪದದ ಹೆಸರೇನು?" ಅಂತ.

ನಿನ್ನ ದೋಸ್ತ