ಕ್ರ್ಯಾಂಕ್ ಗೇರನ್ನು ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ ಬಗ್ಗೆ ದೂರು

ಇವರಿಗೆ,
ಸರ್ವಿಸ್ ಮ್ಯಾನೇಜರ್,
ಟ್ರ್ಯಾಕ್ಟರ್ ಸರ್ವಿಸ್ ಸೆಂಟರ್

ಮಾನ್ಯರೇ,

ಜೂನ್ ಕೊನೇ ವಾರ ನನ್ನ ಮೂರು ಸಿಲಿಂಡರ್ ಟ್ರ್ಯಾಕ್ಟರನ್ನು ಇಂಜಿನ್ ಕೆಲಸಕ್ಕೆ ನಿಮ್ಮಲ್ಲಿ ಬಿಟ್ಟಿದ್ದೆ. ಕ್ರ್ಯಾಂಕ್‌ಶಾಫ್ಟ್‌ನ ತುದಿಯಲ್ಲಿ ಕೂತು ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಗೇರ್ ಹಲ್ಲು ಸವೆದಿದೆ, ಹೊಸದು ಹಾಕಬೇಕು ಎಂದಿರಿ. ಒಪ್ಪಿದೆ. 18,400 ರೂಪಾಯಿ ಬಿಲ್ ಕಟ್ಟಿ ಗಾಡಿ ತಂದೆ. ಊರು ಮುಟ್ಟುವಷ್ಟರಲ್ಲಿ ಇಂಜಿನ್ ಮುಂಭಾಗದಿಂದ ಕುಂಯ್ ಎಂದು ಏರಿ ಇಳಿಯುವ ಸದ್ದು ಶುರುವಾಗಿತ್ತು. ಎರಡು ಸಲ ತಂದು ತೋರಿಸಿದೆ. "ಹೊಸ ಗೇರ್ ಅಲ್ವಾ, ಓಡ್ತಾ ಓಡ್ತಾ ಸರಿಹೋಗುತ್ತೆ" ಎಂದು ನಿಮ್ಮ ಹುಡುಗರು ವಾಪಸ್ ಕಳಿಸಿದರು.

ಸರಿಹೋಗಲಿಲ್ಲ. ಕೊನೆಗೆ ನಮ್ಮೂರ ಮೇಸ್ತ್ರಿಯವರೇ ಟೈಮಿಂಗ್ ಕವರ್ ಬಿಚ್ಚಿದರು. ಎಷ್ಟೋ ಸುತ್ತು ತಿರುಗಿಸಿ ಗೇರುಗಳ ಮೇಲಿನ ಟೈಮಿಂಗ್ ಗುರುತು ಕೂಡಿಸಿ ನೋಡಿದೆವು. ಅದು ಸರಿಯಾಗಿತ್ತು, ಅದರಲ್ಲಿ ನಿಮ್ಮ ತಪ್ಪಿಲ್ಲ. ಆದರೆ ಗೇರಿನ ಮುಖದ ಮೇಲೆ ನಾಲ್ಕು ಕಡೆ ಸುತ್ತಿಗೆ ಪೆಟ್ಟಿನ ಗುಳಿಗಳಿವೆ, ಉಗುರಿಗೆ ಸಿಗುವಷ್ಟು ಆಳ. ಒಂದು ಹಲ್ಲಿನ ಅಂಚು ಮಡಚಿಕೊಂಡಿದೆ. ಕ್ರ್ಯಾಂಕನ್ನು ಹಿಂದಕ್ಕೆ ಒತ್ತಿ ಹಿಡಿದು, ಗೇರಿನ ಮುಖಕ್ಕೆ ಸಣ್ಣ ಓಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟು ಒಂದು ಸುತ್ತು ತಿರುಗಿಸಿದಾಗ ಮುಳ್ಳು 0.20 ಎಂ.ಎಂ. ಓಲಾಡಿತು. ಅಂದರೆ ಗೇರ್ ಸೊಟ್ಟಗೆ ಕೂತಿದೆ.

ಈ ಗೇರನ್ನು ಹೊಡೆದು ಕೂರಿಸುವುದಲ್ಲ ಸಾರ್. ಎಣ್ಣೆಯಲ್ಲಿ ಮುಳುಗಿಸಿ 150 ಡಿಗ್ರಿ ತನಕ ಕಾಯಿಸಿದರೆ 40 ಎಂ.ಎಂ. ತೂತು ಸುಮಾರು 0.06 ಎಂ.ಎಂ. ಹಿಗ್ಗುತ್ತದೆ. ಬಿಗಿ ಬಿಡಲು ಅಷ್ಟು ಸಾಕು. ಗೇರ್ ಶಾಫ್ಟಿನ ಮೇಲೆ ಜಾರಿ ತಿರುಗದಂತೆ ಹಿಡಿಯುವ ಕೀಗೆ ಸರಿಯಾಗಿ ಹಿಡಿದು ತಳ್ಳಿದರೆ ಶಾಫ್ಟ್‌ನ ಮೆಟ್ಟಿಲು ಮುಟ್ಟುವ ತನಕ ಸಲೀಸಾಗಿ ಜಾರುತ್ತದೆ. ಆರಿದ ಮೇಲೆ ತಾನಾಗಿಯೇ ಬಿಗಿಯಾಗುತ್ತದೆ. ತಣ್ಣಗಿರುವಾಗ ಹೊಡೆದರೆ ಗೇರ್ ಶಾಫ್ಟನ್ನು ಕೆರೆಯುತ್ತದೆ, ಕೆರೆದ ಚೂರು ಗೇರಿನ ಹಿಂದೆ ಸಿಕ್ಕಿಕೊಂಡು ಗೇರ್ ಸೊಟ್ಟಗೆ ನಿಲ್ಲುತ್ತದೆ. ಪೆಟ್ಟೆಲ್ಲ ಹೋಗಿ ಬೀಳುವುದು ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್ ಮೇಲೆ. ನನಗೆ ಈಗ ಗೇರಿಗಿಂತ ಜಾಸ್ತಿ ಭಯ ಅದರದ್ದೇ.

ರಾಗಿ ಬಿತ್ತನೆ ಹೊತ್ತಿಗೆ ಗಾಡಿ ಕೊಟ್ಟಿಗೆಯಲ್ಲಿ ನಿಂತಿದೆ. ಮಳೆ ಬಂದು ಹದ ಸಿಕ್ಕ ನಾಲ್ಕು ದಿನ ಬೇರೆಯವರ ಟ್ರ್ಯಾಕ್ಟರಿಗೆ ಬಾಡಿಗೆ ಕೊಟ್ಟು ಉಳುಮೆ ಮಾಡಿಸಿದೆ. ಆ ರಸೀದಿಗಳನ್ನು ಇಟ್ಟಿದ್ದೇನೆ.

ಗೇರನ್ನು ನಾವು ಕಿತ್ತಿಲ್ಲ. ನೀವೇ ಬಂದು ಕಣ್ಣಾರೆ ನೋಡಲೆಂದು ಹಾಗೇ ಬಿಟ್ಟು, ಬಟ್ಟೆ ಮುಚ್ಚಿದ್ದೇವೆ. ಒಂದು ವಾರದೊಳಗೆ ತಿಳಿದವರನ್ನು ಕಳಿಸಿ. ಗೇರ್, ಕೀ ಎರಡೂ ಹೊಸದು ಹಾಕಿಸಿ. ಕ್ರ್ಯಾಂಕಿನ ಎಂಡ್ ಪ್ಲೇ, ಅಂದರೆ ಅದು ಹಿಂದೆ ಮುಂದೆ ಎಷ್ಟು ಸರಿದಾಡುತ್ತದೆ ಎಂಬುದನ್ನು ಅಳೆದು, ಬಂದ ಅಳತೆಯನ್ನು ಜಾಬ್ ಕಾರ್ಡಿನಲ್ಲಿ ಬರೆದುಕೊಡಿ. ಶಾಫ್ಟ್ ಕೆರೆದಿದ್ದರೆ ಅದರ ಖರ್ಚೂ ನಿಮ್ಮದೇ. ನಾಲ್ಕು ದಿನದ ಬಾಡಿಗೆಯನ್ನೂ ಕೊಡಬೇಕು. ಉತ್ತರ ಬಾರದಿದ್ದರೆ ಇದೇ ಪತ್ರ, ಫೋಟೋ ಮತ್ತು ಬಿಲ್ಲಿನೊಂದಿಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಅಲ್ಲಿಯ ತನಕ ಎಳೆಯುವುದು ನನಗೂ ಇಷ್ಟವಿಲ್ಲ. ಒಂಬತ್ತು ವರ್ಷದಿಂದ ನಿಮ್ಮಲ್ಲೇ ಸರ್ವಿಸ್ ಮಾಡಿಸುತ್ತಾ ಬಂದವನು ನಾನು.

ಇಂತಿ,
ನಿಮ್ಮ ಗ್ರಾಹಕ

ಜೊತೆಗೆ: ಬಿಲ್ ಪ್ರತಿ, ಗೇರಿನ ಆರು ಫೋಟೋ, ಬಾಡಿಗೆ ರಸೀದಿಗಳು