ಹಾಡಿಕೊಂಡು ಅಳುವವರ ಊರಿನಿಂದ

ಮಾನ್ಯ ಸಂಪಾದಕರೇ,

ಮನೆಯವರ ಸಾವನ್ನು ಹಾಡು ಮಾಡಿ ವೇದಿಕೆ ಮೇಲೆ ಹಾಡುವ ಗಾಯಕರನ್ನು ‘ದುಃಖ ಮಾರಿಕೊಳ್ಳುವವರು’ ಎಂದು ಜರೆದ ಓದುಗರೊಬ್ಬರ ಪತ್ರ ಕಳೆದ ವಾರ ನಿಮ್ಮಲ್ಲಿ ಬಂದಿತ್ತು. ಅವರು ನಮ್ಮ ಕಡೆಯ ಸಾವಿನ ಮನೆಗೆ ಬಂದಂತಿಲ್ಲ.

ನಾನು ಪಾಂಡವಪುರ ತಾಲ್ಲೂಕಿನವನು. ಊರಿನ ಭಜನೆ ಮೇಳದಲ್ಲಿ ಹಾರ್ಮೋನಿಯಂ ನುಡಿಸುತ್ತೇನೆ. ನಮ್ಮ ಹೆಂಗಸರು ಸುಮ್ನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವರಿಗೆ ಯಾವ ಸಾರು ಇಷ್ಟ, ಯಾರ ಹತ್ತಿರ ಮಾತು ಬಿಟ್ಟಿದ್ದರು, ಎಲ್ಲ ಅದರಲ್ಲಿ ಬರುತ್ತದೆ. ಆಗತಾನೆ ಬಸ್ಸಿಳಿದು ಬಂದ ಚಿಕ್ಕಮ್ಮ ಕೊರಳಿಗೆ ಬಿದ್ದು ಅಲ್ಲಿಂದಲೇ ಮುಂದುವರಿಸುತ್ತಾಳೆ.

22 ವರ್ಷದ ಹಿಂದೆ ನನ್ನ ತಮ್ಮ ನಾಲೆಯಲ್ಲಿ ಹೋದ. ರಾತ್ರಿ ಗದ್ದೆಗೆ ನೀರು ಕಟ್ಟಿ, ಕೈಕಾಲು ತೊಳೆಯಲು ಇಳಿದಿದ್ದ. ಮೆಟ್ಟಿಲು ಪಾಚಿ ಕಟ್ಟಿತ್ತು. ಅವ್ವ ಪಡಸಾಲೆಯ ಕಂಬ ಹಿಡಿದು ಅತ್ತಳು: “ನೀರು ಕಟ್ಟೋಕೆ ಹೋದ್ಯಲ್ಲೋ ನನ್ನಪ್ಪ, ನೀರೇ ನಿನ್ನ ಕಟ್ಟಾಕ್ತಲ್ಲೋ.” ನನಗೆ ಅಳು ಬರಲಿಲ್ಲ. ಆ ಸಾಲು ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಅಂತ ಬೆರಳು ತೊಡೆಯ ಮೇಲೆ ಹಾರ್ಮೋನಿಯಂನ ಮನೆ ಹುಡುಕುತ್ತಿತ್ತು. ಆಮೇಲೆ ಎಷ್ಟೋ ವರ್ಷ ಅದಕ್ಕೆ ನಾಚಿಕೊಂಡಿದ್ದೇನೆ.

ವರಕವಿ ಬೇಂದ್ರೆಯವರು ‘ನೀ ಹೀಂಗ ನೋಡಬ್ಯಾಡ ನನ್ನ’ ಬರೆದದ್ದು ಕೂಸನ್ನು ಕಳೆದುಕೊಂಡಾಗ. (ಮಂಡ್ಯದ ಆರತಕ್ಷತೆಯೊಂದರಲ್ಲಿ ಅದನ್ನೇ ಪ್ರೇಮಗೀತೆ ಅಂತ ಹಾಡಿದರು. ಗಂಡು ಹೆಣ್ಣು ನಗುತ್ತಾ ನಿಂತಿದ್ದರು. ಏನು ಹೇಳೋಣ?) ಇಂಗ್ಲೆಂಡಿನ ಗಾಯಕ ಎರಿಕ್ ಕ್ಲಾಪ್ಟನ್ ಅವರ ನಾಲ್ಕು ವರ್ಷದ ಮಗ 1991ರಲ್ಲಿ ನ್ಯೂಯಾರ್ಕಿನ 53ನೇ ಮಹಡಿಯ ಕಿಟಕಿಯಿಂದ ಬಿದ್ದು ತೀರಿಕೊಂಡ. ಆ ಸಂಕಟದಲ್ಲಿ ಹುಟ್ಟಿದ ‘ಟಿಯರ್ಸ್ ಇನ್ ಹೆವನ್’ ಹಾಡು ಲೋಕವೆಲ್ಲ ಸುತ್ತಿತು. ಆದರೆ 2004ರಲ್ಲಿ, ಆ ನೋವು ಈಗ ಒಳಗಿಲ್ಲ ಎಂದು ಅವರು ಅದನ್ನು ಹಾಡುವುದನ್ನೇ ಬಿಟ್ಟರು. ಮತ್ತೆ ಹಾಡಿದ್ದು ಎಷ್ಟೋ ವರ್ಷದ ಮೇಲೆ. ಬರೀ ಮಾರಾಟಕ್ಕೆ ಕೂತವರು ಚೆನ್ನಾಗಿ ಓಡುವ ಸರಕನ್ನು ಅಂಗಡಿಯಿಂದ ಎತ್ತಿಡುತ್ತಾರಾ?

ನನಗೆ ಸಿಟ್ಟು ಬರುವುದು ಬೇರೆಯವರ ಮೇಲೆ. ಹೆಣದ ಮುಂದೆ ಅಳುವ ಹೆಂಗಸರ ಮುಖಕ್ಕೆ ಮೊಬೈಲ್ ಹಿಡಿದು ಸ್ಟೇಟಸ್ ಹಾಕುವವರ ಮೇಲೆ. ಇದು ಈಗ ಜಾಸ್ತಿಯಾಗಿದೆ. ಅಳುವ ಮನೆಯವರನ್ನು ಒಂದು ಮಾತು ಕೇಳಬೇಕು ಅಂತಲೂ ಇಲ್ವಾ?

ನಾನು ಕೇಳಿದ್ದೆ. ಹೋದ ಕಾರ್ತಿಕದಲ್ಲಿ ಅವ್ವನ ಸಾಲಿಗೆ ನನ್ನದೂ ನಾಲ್ಕು ಸಾಲು ಸೇರಿಸಿ, ಭಜನೆಯಲ್ಲಿ ಹಾಡಲಾ ಎಂದೆ. ಅವಳು ಹೂಂ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಅವರೆಕಾಯಿ ಬಿಡಿಸುತ್ತಾ ಕೂತಳು. ಗುಡಿಯಲ್ಲಿ ನಾನು ಹಾಡುವಾಗ ಕಂಬಕ್ಕೊರಗಿ ಕೇಳಿದಳು. ಮನೆಗೆ ಬರುವ ದಾರಿಯಲ್ಲಿ ಬಾಯಿಬಿಟ್ಟಳು: “ಬಿಳಿ ಅಂಗಿ ಅಂದ್ಯಲ್ಲ, ಅದು ಬಿಳೀದಲ್ಲ ಕಣ್ಲಾ, ನೀಲೀದು. ಮೇಲಿನ ಗುಂಡಿ ಕಿತ್ತೋಗಿತ್ತು. ನಾನೇ ಪಿನ್ನು ಹಾಕಿ ಕಳ್ಸಿದ್ದೆ.”

ಈಗ ಹಾಡಿನಲ್ಲಿ ನೀಲಿ ಅಂಗಿಯೇ ಇದೆ. ಪಿನ್ನನ್ನು ತಾಳಕ್ಕೆ ಕೂರಿಸಲು ಇನ್ನೂ ಆಗಿಲ್ಲ.

— ಹಾರ್ಮೋನಿಯಂ ನುಡಿಸುವ ಓದುಗ, ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ